ಮಳೆಗಾಲದಲ್ಲಿ ಪಾಪು ಊಟ: ಏನು ಮಾಡಿಡಬಹುದು, ಏನು ಇಡಬಾರದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ಸಿಗುವ ಹಳ್ಳಿ. ಮಗಳಿಗೆ ಇನ್ನೇನು ಆರು ತಿಂಗಳು ತುಂಬುತ್ತೆ. ಹೆರಿಗೆ ರಜೆ ಮುಗಿಯುತ್ತಾ ಬಂತು. ಆರಿದ್ರಾ ಮಳೆ ಶುರುವಾಗುವ ಹೊತ್ತಿಗೆ ಕೆಲಸಕ್ಕೆ ಹೋಗಲೇಬೇಕು. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರೋದು ಸಂಜೆ ಐದರ ಮೇಲೆ. ಅಷ್ಟು ಹೊತ್ತು ಅತ್ತೆ ನೋಡಿಕೊಳ್ಳುತ್ತಾರೆ.

ವಿಡಿಯೊಗಳಲ್ಲಿ ಭಾನುವಾರ ಒಂದೇ ಸಲ ಕ್ಯಾರೆಟ್, ಸೇಬು, ಚೀನಿಕಾಯಿ (ಸಿಹಿಗುಂಬಳ) ಎಲ್ಲ ಬೇಯಿಸಿ ರುಬ್ಬಿ, ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿ ಇಡ್ತಾರೆ. ವಾರವಿಡೀ ಒಂದೊಂದು ತುಂಡು ತೆಗೆದು ಬಿಸಿ ಮಾಡಿ ಕೊಡೋದು. ನೋಡೋಕೆ ಸುಲಭ. ಆದರೆ ನಮ್ಮ ಕಡೆ ಕರೆಂಟಿನ ಕಥೆ ನಿಮಗೆಲ್ಲ ಗೊತ್ತಲ್ಲ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ಇನ್ವರ್ಟರ್ ಲೈಟು, ಫ್ಯಾನಿಗೆ ಮಾತ್ರ. ಅತ್ತೆ ಅಂತೂ "ರಾಗಿ ಮಣ್ಣಿ ಇದ್ರೆ ಸಾಕು, ಐಸು ಗೀಸು ಎಂಥಕ್ಕೆ" ಅಂತಾರೆ. ಪುಡಿ ಮಾಡಿಟ್ಟರೆ ಎಷ್ಟು ದಿನ ಬರುತ್ತೆ? ಬೂಷ್ಟು, ಹುಳ ಬಾರದ ಹಾಗೆ ಇಡೋದು ಹೇಗೆ? ಬೇಯಿಸಿದ್ದನ್ನು ಇಡಬಹುದಾ? ಮಲೆನಾಡಿನಲ್ಲಿ ಮಕ್ಕಳನ್ನು ಸಾಕಿದವರೇ ಹೇಳಿ. ಬೆಂಗಳೂರಿನವರ ಸಲಹೆ ಸಾಕಷ್ಟು ಸಿಕ್ಕಿದೆ.

ಹೊಸನಗರದ ಸೊಸೆ:
ನಿಮ್ಮ ಅತ್ತೆ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದ್ರೆ ಮೂರು ಹೊತ್ತೂ ಮಣ್ಣಿಯನ್ನೇ ಕೊಟ್ಟರೆ ಮಗು ಬಾಯಿ ಬಿಗಿ ಹಿಡಿದು ಕೂರುತ್ತೆ, ನೋಡ್ತಾ ಇರಿ.

ಭದ್ರಾವತಿ ಅಪ್ಪ:
ಐಸ್ ಟ್ರೇಯನ್ನು ಸುಮ್ನೆ ತಳ್ಳಿಹಾಕಬೇಡಿ. ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ನಮ್ಮ ಮನೆ ಅದರಿಂದಲೇ ನಡೀತಾ ಇದೆ. ಚೀನಿಕಾಯಿ, ಕ್ಯಾರೆಟ್, ಬಟಾಣಿ ಯಾವುದಾದರೂ ಸರಿ, ಇಡ್ಲಿ ಪಾತ್ರೆಯಲ್ಲಿ ಹಬೆಗೆ ಬೇಯಿಸಿ. ನೀರಲ್ಲಿ ಕುದಿಸಿ ಆ ನೀರು ಚೆಲ್ಲಬೇಡಿ. ಅರೆದ ಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು. ಮುಚ್ಚಳ ಇರುವ ಟ್ರೇಗೆ ಹಾಕಿ, ಗಟ್ಟಿಯಾದ ಮೇಲೆ ತುಂಡುಗಳನ್ನು ತೆಗೆದು ಜಿಪ್ ಕವರಿಗೆ ತುಂಬಿ, ಮೇಲೆ ತಾರೀಕು ಬರೆಯಿರಿ. ಸಾಮಾನ್ಯ ಟ್ರೇಯಲ್ಲಿ ಒಂದು ತುಂಡು ಅಂದ್ರೆ ಹೆಚ್ಚು ಕಡಿಮೆ ಎರಡು ದೊಡ್ಡ ಚಮಚ. ನಾಳೆಗೆ ಬೇಕಾದ್ದನ್ನು ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ಬೆಳಗ್ಗೆ ಹಬೆ ಏಳುವ ತನಕ ಬಿಸಿ ಮಾಡಿ, ಆರಿಸಿ ಕೊಡಿ. ಒಮ್ಮೆ ಬಿಸಿ ಮಾಡಿದ್ದು ಮತ್ತೆ ಫ್ರಿಜ್ಜಿಗೆ ಹೋಗಬಾರದು. ನಾವು ಒಂದು ತಿಂಗಳೊಳಗೆ ಖಾಲಿ ಮಾಡುತ್ತೇವೆ.

ಆದ್ರೆ ನಮ್ಮಲ್ಲಿ ಕರೆಂಟ್ ಹೋದರೂ ಸ್ವಲ್ಪ ಹೊತ್ತಿಗೆ ಬರುತ್ತೆ. ಆಗುಂಬೆ ಕಡೆ ಇದು ನಡೆಯುತ್ತಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ವಾರ್ಡ್ ಸಿಸ್ಟರ್:
ಉತ್ತರ ನಾನು ಹೇಳ್ತೀನಿ, ಮಕ್ಕಳ ವಾರ್ಡಿನಲ್ಲೇ ಕೆಲಸ ಮಾಡೋದು. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತೆ. ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ಖಾಲಿ ಇದ್ದರೆ 24 ಗಂಟೆ. ಅದು ಬೇರೆ ಬಾಗಿಲಿನ ದೊಡ್ಡ ಫ್ರೀಜರಿನ ಲೆಕ್ಕ. ನಮ್ಮ ಮನೆಗಳಲ್ಲಿ ಜಾಸ್ತಿ ಇರೋದು ಒಂದೇ ಬಾಗಿಲಿನ ಫ್ರಿಜ್ಜು. ಹಾಲು ತೆಗೆಯೋಕೆ ಅಂತ ಬಾಗಿಲು ತೆರೆದಾಗೆಲ್ಲ ಮೇಲಿನ ಪೆಟ್ಟಿಗೆಯ ತಂಪೂ ಇಳಿಯುತ್ತೆ, ಅದನ್ನು ಇಷ್ಟು ನಂಬೋಕಾಗಲ್ಲ.

ಅದಕ್ಕಿಂತ ಅಪಾಯ ಯಾವುದು ಗೊತ್ತಾ? ರಾತ್ರಿ ಕರೆಂಟ್ ಹೋಗಿ, ತುಂಡು ಕರಗಿ, ಬೆಳಗಿನ ಜಾವ ಕರೆಂಟ್ ಬಂದು ಮತ್ತೆ ಗಟ್ಟಿಯಾಗಿರುತ್ತೆ. ನೋಡಿದರೆ ಏನೂ ಗೊತ್ತಾಗಲ್ಲ. ಅದಕ್ಕೊಂದು ಉಪಾಯ ಇದೆ. ಸಣ್ಣ ಲೋಟದಲ್ಲಿ ನೀರು ಐಸು ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾಣ್ಯ ಕೆಳಗೆ ಇಳಿದಿದ್ದರೆ ಮಧ್ಯೆ ಕರಗಿತ್ತು ಅಂತ ಅರ್ಥ. ಆಗ ಪಾಪುಗೆ ಅಂತ ಇಟ್ಟಿದ್ದೆಲ್ಲ ಗೊಬ್ಬರದ ಗುಂಡಿಗೆ.

ಬೇಯಿಸಿದ ಅನ್ನ, ಗಂಜಿಯ ಬಗ್ಗೆ ಒಂದು ಮಾತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರುತ್ತೆ, ಅದು ಬೇಯಿಸಿದರೂ ಸಾಯಲ್ಲ. ಗಂಜಿ ಬೆಚ್ಚಗೆ ಹೊರಗೇ ಕೂತರೆ ಅದು ಬೆಳೆದು ವಿಷ ಬಿಡುತ್ತೆ. ಆಮೇಲೆ ಎಷ್ಟು ಕುದಿಸಿದರೂ ಆ ವಿಷ ಹೋಗಲ್ಲ. ಬೆಳಗ್ಗೆ ಮಾಡಿದ ಗಂಜಿಯನ್ನು ಮಧ್ಯಾಹ್ನ "ಇನ್ನೊಂದು ಕುದಿ ಬರಿಸಿ" ಕೊಡೋದು ಬೇಡ ಅನ್ನೋದು ಇದಕ್ಕೇ. ಫ್ಲಾಸ್ಕಿನಲ್ಲಿ ಗಂಜಿ ತುಂಬಿಡೋದೂ ಬೇಡ. ಫ್ಲಾಸ್ಕಿನಲ್ಲಿ ಕುದಿಸಿದ ನೀರು ಇಡಿ.

ತುಂಗಾತೀರ:
ಸಿಸ್ಟರ್, ನಾಣ್ಯದ ಉಪಾಯ ಕೇಳಿ ಅತ್ತೆಗೆ ನಗು. ಆದ್ರೆ ಅವರೇ ಲೋಟ ಹುಡುಕ್ತಾ ಇದ್ದಾರೆ. ಹಾಗಾದ್ರೆ ಪುಡಿಯೇ ಗತಿ ಅಂತಾಯ್ತು. ಯಾರಾದ್ರೂ ಸರಿಯಾಗಿ ಹೇಳಿಕೊಡಿ.

ಅಜ್ಜಿಮನೆ:
ನಾನು ಹೇಳಿಕೊಡ್ತೀನಿ ಮಗಳೇ. ಮೂರು ಬಾಣಂತನ ಮಾಡಿಸಿದವಳು, ಮೊಮ್ಮಕ್ಕಳ ಊಟವೂ ನನ್ನ ಕೈಯಲ್ಲೇ ಆಗಿದ್ದು.

ಮೊದಲು ಒಂದು ತಿಳಿದುಕೋ. ಮಳೆಗಾಲಕ್ಕೆ ಹಿಟ್ಟು ಮಾಡಿ ಇಡೋದಲ್ಲ, ಕಾಳು ಒಣಗಿಸಿ ಇಡೋದು. ಹಿಟ್ಟಾದ ಮೇಲೆ ತೇವವನ್ನು ಬೇಗ ಎಳೆದುಕೊಳ್ಳುತ್ತೆ, ಬೇಗ ಮುಗ್ಗಲಾಗುತ್ತೆ. ಕಾಳು ಹಾಗಲ್ಲ. ಬಯಲುಸೀಮೆಯವರು ರಾಗಿಯನ್ನು ಹಗೇವು ಅನ್ನೋ ನೆಲದೊಳಗಿನ ಕಣಜದಲ್ಲಿ ವರ್ಷಗಟ್ಟಲೆ ಇಡ್ತಿದ್ದರು. ಇನ್ನೂ ಬಿಸಿಲಿದೆ, ಈಗಲೇ ರಾಗಿ ತರಿಸಿ ಕೆಲಸ ಮುಗಿಸಿಬಿಡು.

ರಾಗಿಯನ್ನು ಗಾಳಿಸಿ, ಕಲ್ಲು ಹೋಗುವ ಹಾಗೆ ಜಾಲಿಸಿ ತೊಳಿ. ನಾಲ್ಕೈದು ನೀರು ಬೇಕಾಗುತ್ತೆ, ಕೊನೆಯ ನೀರು ತಿಳಿಯಾಗಿರಬೇಕು. ಒಂದು ರಾತ್ರಿ ನೆನೆಸು. ಬೆಳಗ್ಗೆ ನೀರು ಬಸಿದು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ತೂಗುಹಾಕು. ಬಟ್ಟೆ ಒಣಗಿದರೆ ನೀರು ಚಿಮುಕಿಸು. ಮಾರನೇ ದಿನಕ್ಕೆ ಬಿಳಿ ಮೂತಿ ಕಾಣುತ್ತೆ. ಸೂಜಿ ಮೊನೆಯಷ್ಟು ಮೊಳಕೆ ಸಾಕು, ಉದ್ದ ಬಿಡಬೇಡ, ಕಹಿಯಾಗುತ್ತೆ. ಮೊಳಕೆಗೆ ಹುಳಿ ವಾಸನೆ ಬಂದಿದ್ದರೆ ಅದು ಕೂಸಿಗಲ್ಲ, ದನಕ್ಕೆ.

ಆಮೇಲೆ ತೆಳ್ಳಗೆ ಹರಡಿ ಒಣಗಿಸು. ಅಂಗಳದಲ್ಲಿ ನೆಲಕ್ಕೆ ಹಾಕಬೇಡ, ಮಂಚದ ಮೇಲೆ ಬಟ್ಟೆ ಹಾಸಿ ಹಾಕು, ಮೇಲೊಂದು ತೆಳು ಬಟ್ಟೆ ಮುಚ್ಚು. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಕೇರಿದರೆ ಬೇರಿನ ನಾರೆಲ್ಲ ಹಾರಿ ಹೋಗುತ್ತೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಮರಳಿನ ಹಾಗೆ ಸರಸರ ಜಾರಬೇಕು, ಒಂದು ಕಾಳೂ ಅಂಗೈಗೆ ಅಂಟಬಾರದು. ಪೂರ್ತಿ ತಣಿದ ಮೇಲೆ ಗಾಜಿನ ಅಥವಾ ಸ್ಟೀಲಿನ ಡಬ್ಬಿಗೆ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಅಲ್ಲೇ ಹುಟ್ಟುತ್ತೆ.

ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟು ಕಾಳು ಮಾತ್ರ ತೆಗಿ. ಸಣ್ಣ ಉರಿಯಲ್ಲಿ ಘಮ್ ಅನ್ನುವ ತನಕ ಹುರಿ, ತಣಿಸಿ ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿ. ಒಂದು ದೊಡ್ಡ ಚಮಚ ಪುಡಿಯನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಒಂದು ಲೋಟ ನೀರಿಗೆ ಹಾಕಿ ತಿರುವುತ್ತಾ ಬೇಯಿಸು. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬಂದರೆ ಆಯ್ತು. ಇಳಿಸಿ ಅರ್ಧ ಚಮಚ ತುಪ್ಪ.

ಹೊಸನಗರದ ಸೊಸೆ:
ಬಟ್ಟೆಯಲ್ಲಿ ಜರಡಿ ಹಿಡಿಯೋದು ಯಾಕೆ ಅಮ್ಮ? ಅರ್ಧ ರಾಗಿ ಸಿಪ್ಪೆಯಲ್ಲೇ ಹೋಗುತ್ತೆ.

ಅಜ್ಜಿಮನೆ:
ಕೂಸಿನ ಹೊಟ್ಟೆಗೆ ನಯ ಇರಬೇಕು. ನಾವೆಲ್ಲ ಹಾಗೇ ಮಾಡಿದ್ದು.

ನವಿಲೆ ಓದು:
ನಾನು ಕೃಷಿ ಓದಿದವಳು, ಇಬ್ಬರ ಮಾತಿಗೂ ಅರ್ಥ ಇದೆ. ರಾಗಿಯ ಹೆಗ್ಗಳಿಕೆ ಸುಣ್ಣದ ಅಂಶ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರಲ್ಲ. ಆದ್ರೆ ಅದರಲ್ಲಿ ದೊಡ್ಡ ಪಾಲು ಇರೋದು ಸಿಪ್ಪೆಯಲ್ಲೇ. ತೆಳು ಬಟ್ಟೆಯಲ್ಲಿ ಸೋಸಿ ಹಾಲು ಮಾತ್ರ ತೆಗೆದು ಮಣ್ಣಿ ಮಾಡಿದರೆ ನಯ ಬರುತ್ತೆ, ಸುಣ್ಣ ಕಡಿಮೆಯಾಗುತ್ತೆ. ಮೊದಲ ಕೆಲವು ವಾರ ಬಟ್ಟೆ, ಆಮೇಲೆ ಸಣ್ಣ ಕಣ್ಣಿನ ಮೈದಾ ಜರಡಿ ಸಾಕು. ಎಂಟು ತಿಂಗಳ ಮೇಲೆ ತರಿ ತರಿ ಇದ್ದರೇ ಒಳ್ಳೆಯದು, ಜಗಿಯೋದು ಕಲಿಯಬೇಕಲ್ಲ.

ಮೊಳಕೆ ಬರಿಸೋದರ ಲಾಭ ಹಲವರಿಗೆ ಗೊತ್ತಿರಲ್ಲ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಹಿಟ್ಟಿನ ಅಂಟನ್ನು ಒಡೆಯುತ್ತೆ. ಹಾಗಾಗಿ ಮಣ್ಣಿ ಬೇಗ ಗಟ್ಟಿಯಾಗಲ್ಲ. ಅದೇ ಬಟ್ಟಲಿಗೆ ಜಾಸ್ತಿ ಹಿಟ್ಟು ಹಾಕಬಹುದು, ಮಗುವಿಗೆ ಜಾಸ್ತಿ ಶಕ್ತಿ ಸಿಗುತ್ತೆ. ಕಬ್ಬಿಣ ಹೀರದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಲ್ಲಿ ಇಳಿಯುತ್ತೆ. ಅಂದ ಹಾಗೆ, ಮೊದಲೇ ತುಂಬಾ ಜೋರಾಗಿ ಹುರಿದರೆ ಆ ಕಿಣ್ವ ಸತ್ತು ಹೋಗುತ್ತೆ. ಅಜ್ಜಿ ಹೇಳಿದ ಸಣ್ಣ ಉರಿಯೇ ಸರಿ.

ಒಣಗಿದೆಯೋ ಇಲ್ಲವೋ ಅನ್ನೋ ಅನುಮಾನ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಮೆಕ್ಕೆಜೋಳಕ್ಕೆ ಹೇಳಿಕೊಡುವ ವಿಧಾನ ಇದು. ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿಯುಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿನ ಗೋಡೆಗೆ ಅಂಟಿದ್ದರೆ ಕಾಳಿನಲ್ಲಿ ಇನ್ನೂ ತೇವ ಇದೆ, ಸುಮಾರು 15 ಶೇಕಡಾಕ್ಕಿಂತ ಹೆಚ್ಚು. ಉಪ್ಪು ಸೇರಿದ ಆ ಹಿಡಿ ಕಾಳನ್ನು ಎಸೆದುಬಿಡಿ.

ಅಡಿಕೆಮನೆ:
ಈಗಾಗಲೇ ಮೋಡ ಕಟ್ತಿದೆ. ನಮ್ಮಲ್ಲಿ ಅಡಿಕೆಗೆ ಪ್ಲಾಸ್ಟಿಕ್ ಹೊದಿಸಿದ ಡ್ರೈಯರ್ ಮನೆ ಇದೆ. ಅದರಲ್ಲೇ ರಾಗಿ ಒಣಗಿಸಬಹುದಾ?

ನವಿಲೆ ಓದು:
ಒಣಗಿಸಬಹುದು, ಅಡಿಕೆ ಇಲ್ಲದಾಗ. ತಟ್ಟೆಯಲ್ಲಿ ಬೇರೆ ಬಟ್ಟೆ ಹಾಸಿ. ಅಡಿಕೆ ಬೇಯಿಸಿದ ಚೊಗರಿನ ಕಲೆ ಇರುವ ಹಳೇ ತಟ್ಟಿ ಬೇಡ. ಒಳಗೆ ಹಬೆ ನಿಲ್ಲದ ಹಾಗೆ ಎರಡೂ ಕಡೆ ಗಾಳಿ ಆಡಲಿ. ಇನ್ನೊಂದು ವಿಷಯ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸಮಯ ಹತ್ತಿರ ಬಂತು. ಔಷಧಿ ಕೆಳಗಿನ ಬಾಳೆಗೊನೆ, ಸೊಪ್ಪು, ಬಸಳೆ ಮೇಲೆಲ್ಲ ಬೀಳುತ್ತೆ. ಅದರಲ್ಲಿರೋದು ಮೈಲುತುತ್ತು. ಪಾಪುಗೆ ಅಂತ ಒಂದು ಗೊನೆಯನ್ನು ಮೊದಲೇ ಕಡಿದು ಒಳಗೆ ತೂಗುಹಾಕಿ. ತೋಟದ ಸೊಪ್ಪು ಆಗ ಬೇಡವೇ ಬೇಡ.

ಬಾಳೆಬರೆ ಘಾಟಿ:
ಇದು ಒಳ್ಳೆ ಮಾತು. ಔಷಧಿ ಹೊಡೆದ ಮಾರನೇ ದಿನವೇ ಅದೇ ಗೊನೆಯಿಂದ ಹಣ್ಣು ಕೀಳುವವರನ್ನು ನೋಡಿದ್ದೇನೆ.

ಸಾಗರದ ಚಿಕ್ಕಮ್ಮ:
ಪುಡಿಗೆ ಬಾದಾಮಿ, ಗೋಡಂಬಿ, ಶೇಂಗಾ ಎಲ್ಲ ಸೇರಿಸಿ ಒಂದೇ ಸಲ ಮಾಡಿಟ್ಟರೆ ಆಗಲ್ವಾ? ತೂಕ ಚೆನ್ನಾಗಿ ಬರುತ್ತೆ ಅಂತಾರೆ.

ವಾರ್ಡ್ ಸಿಸ್ಟರ್:
ಸೇರಿಸಿ, ಆದ್ರೆ ಡಬ್ಬಿಯಲ್ಲಿ ಅಲ್ಲ, ಬಟ್ಟಲಿನಲ್ಲಿ. ಎಣ್ಣೆ ಇರುವ ಕಾಳು ಸೇರಿದರೆ ಇಡೀ ಪುಡಿ ಬೇಗ ಕಮಟು ಹಿಡಿಯುತ್ತೆ. ಬೇರೆ ಸಣ್ಣ ಬಾಟಲಿಯಲ್ಲಿ ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿಕೊಳ್ಳಿ. ಹೊಸದನ್ನು ಒಂದೊಂದಾಗಿ ಕೊಡಿ, ಮಧ್ಯೆ ಎರಡು ಮೂರು ದಿನ ಬಿಟ್ಟು. ಮೈ ಕೆಂಪಾದರೆ, ವಾಂತಿಯಾದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ. ಇಡೀ ಕಾಳು, ಇಡೀ ದ್ರಾಕ್ಷಿ ಮಾತ್ರ ಐದು ವರ್ಷದ ತನಕ ಕೊಡಬಾರದು, ಉಸಿರು ಕಟ್ಟುತ್ತೆ.

ಶೇಂಗಾ ವಿಷಯದಲ್ಲಿ ನಮ್ಮ ಹವೆಗೆ ವಿಶೇಷ ಎಚ್ಚರ ಬೇಕು. ತೇವದಲ್ಲಿ ಶೇಂಗಾಕ್ಕೆ ಹಿಡಿಯುವ ಹಸಿರು-ಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ, ಅದು ಲಿವರಿಗೆ ಕೆಟ್ಟದ್ದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗಲ್ಲ. ಸುಕ್ಕಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯಿರಿ. ರಾಗಿ ಪುಡಿಗೂ ಇದೇ ಮಾತು. ಮುಗ್ಗು ವಾಸನೆ ಬಂದರೆ ಮತ್ತೆ ಹುರಿದು ಸರಿ ಮಾಡೋಕೆ ಹೋಗಬೇಡಿ. ಎಸೆದರೆ ಹೋಗೋದು ಒಂದು ಪಾವು ರಾಗಿ.

ಸಾಗರದ ಚಿಕ್ಕಮ್ಮ:
ಹಿಟ್ಟಿನ ಡಬ್ಬಿಗೆ ಬೇವಿನ ಸೊಪ್ಪು ಹಾಕಿದರೆ ಹುಳ ಬರಲ್ಲ ಅಲ್ವಾ?

ನವಿಲೆ ಓದು:
ಹಸಿ ಎಲೆ ಹಾಕಿದರೆ ಅದರ ತೇವವೇ ಹಿಟ್ಟಿಗೆ ಹೋಗುತ್ತೆ. ಸಣ್ಣ ಬಾಟಲಿಗಳಲ್ಲಿ ಕತ್ತಿನ ತನಕ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ಡಬ್ಬಿಯೊಳಗೇ ಒಂದು ಒಣ ಚಮಚ ಇರಲಿ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಸುರಿಯುವ ಅಭ್ಯಾಸ ಇದ್ದರೆ ಬಿಡಿ. ಹುಳಕ್ಕಿಂತ ಆ ಹಬೆ ಜಾಸ್ತಿ ಹಾಳು ಮಾಡುತ್ತೆ. ಜಾಗ ಕೇಳಿದರೆ, ಒಲೆ ಉರಿಯುವ ಮನೆಯಲ್ಲಿ ಅಟ್ಟಕ್ಕಿಂತ ಒಣ ಜಾಗ ಇಲ್ಲ. ಹೊಗೆ ವಾಸನೆ ತಟ್ಟದಂತೆ ಮುಚ್ಚಳ ಬಿಗಿ ಇರಲಿ.

ಗಿರಣಿ ಪಕ್ಕದ ಮನೆ:
ಗಿರಣಿಗೆ ಕೊಡುವವರಿಗೆ ಒಂದು ಮಾತು. ನಿಮ್ಮ ಹಿಂದೆ ಯಾರೋ ಮೆಣಸಿನಕಾಯಿ ಬೀಸಿರುತ್ತಾರೆ. ಅದೇ ಕಲ್ಲಿಗೆ ಪಾಪು ರಾಗಿ ಹಾಕಿದರೆ ಮುಗೀತು. ಬೆಳಗ್ಗೆ ಮೊದಲನೇ ಸರದಿಗೆ ಹೋಗಿ, ಅರ್ಧ ಸೇರು ಅಕ್ಕಿ ಓಡಿಸಿ ಅದನ್ನು ಬೇರೆ ತೆಗೆದು ಆಮೇಲೆ ನಿಮ್ಮದನ್ನು ಹಾಕಿಸಿ. ಗೋಧಿ ಆಗದ ಮಗು ಇದ್ದರೆ ಗಿರಣಿ ಬೇಡ, ಮಿಕ್ಸಿಯಲ್ಲೇ ಮಾಡಿಕೊಳ್ಳಿ.

ಮನೆರುಚಿ ಉತ್ಪನ್ನ:
ಯಾರಿಗೂ ಇಷ್ಟು ಕಷ್ಟ ಬೇಡ. ನಾವು ಮನೆಯಲ್ಲೇ ಹದಿನಾರು ಧಾನ್ಯದ ಪಾಪು ಪುಡಿ ಮಾಡಿ ಕೊರಿಯರ್ ಕಳಿಸುತ್ತೇವೆ. ನಾಲ್ಕು ತಿಂಗಳಿನಿಂದಲೇ ಕೊಡಬಹುದು. ಮೆಸೇಜ್ ಮಾಡಿ.

ನಿರ್ವಾಹಕ:
ಇಲ್ಲಿ ಮಾರಾಟ ಬೇಡ ದಯವಿಟ್ಟು. ಅಲ್ಲದೆ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಮ್ಮ ದೇಶದ ಕಾನೂನೇ ನಿಷೇಧಿಸಿದೆ. 1992ರ ಕಾಯ್ದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಇನ್ನೊಮ್ಮೆ ಹಾಕಿದರೆ ತೆಗೆಯುತ್ತೇವೆ.

ವಾರ್ಡ್ ಸಿಸ್ಟರ್:
ಹದಿನಾರು ಧಾನ್ಯ ಒಟ್ಟಿಗೆ ಕೊಟ್ಟು ಮಗುವಿಗೆ ಅಲರ್ಜಿ ಆದರೆ ಹದಿನಾರರಲ್ಲಿ ಯಾವುದನ್ನು ಹಿಡಿಯೋದು? ನಾಲ್ಕು ತಿಂಗಳಿಗೆ ಅನ್ನೋದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರವೂ ಹೇಳೋದು ಒಂದೇ: ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಊಟದ ಜೊತೆ ಎರಡು ವರ್ಷ, ಬೇಕಾದ್ರೆ ಅದಕ್ಕಿಂತ ಜಾಸ್ತಿ ಎದೆಹಾಲು. ಊಟ ಶುರು ಮಾಡೋಕೆ ಮಗುವಿನ ಕತ್ತು ನಿಂತಿರಬೇಕು, ಆನಿಸಿದರೆ ಕೂರಬೇಕು, ಬಾಯಿಗೆ ಇಟ್ಟಿದ್ದನ್ನು ನಾಲಿಗೆಯಿಂದ ಹೊರಗೆ ತಳ್ಳಬಾರದು.

ತುಂಗಾತೀರ:
ಅಳತೆಯೂ ಹೇಳಿಬಿಡಿ ಸಿಸ್ಟರ್. ಅತ್ತೆ ಒಂದು ಬಟ್ಟಲು ಪೂರ್ತಿ ತಿನ್ನಿಸಲೇಬೇಕು ಅನ್ನೋರು. ಬೆಳ್ಳಿ ಒಳಲೆ ತೊಳೆದು ರೆಡಿ ಇಟ್ಟಿದ್ದಾರೆ.

ವಾರ್ಡ್ ಸಿಸ್ಟರ್:
ಒಳಲೆಯನ್ನು ಶೋಕೇಸಿಗೆ ಇಡಿ. ಎದೆಹಾಲು ಎಳೆಯಲಾಗದ ಎಳೇ ಕೂಸಿಗೆ ಹಾಲು ಕುಡಿಸೋಕೆ ಅದು ಒಳ್ಳೆಯದೇ. ಆದ್ರೆ ಮಗುವನ್ನು ಕಾಲ ಮೇಲೆ ಮಲಗಿಸಿ ಮಣ್ಣಿಯನ್ನು ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಕೂರಿಸಿಕೊಂಡು ಚಮಚದಲ್ಲಿ ಕೊಡಿ. ಮೊದಲು ಎರಡು ಮೂರು ಚಮಚ. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಅರ್ಧ ಬಟ್ಟಲು. ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ. ಚಮಚ ಓರೆ ಮಾಡಿದರೆ ನೀರಿನಂತೆ ಹರಿಯಬಾರದು, ನಿಧಾನಕ್ಕೆ ಜಾರಬೇಕು. ತೆಳ್ಳಗಿನ ಗಂಜಿ ತಿಳಿಯಲ್ಲಿ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಮಗು ಮುಖ ತಿರುಗಿಸಿದರೆ ಸಾಕು ಅಂತ ಅರ್ಥ. ಚಮಚ ಅದ್ದಿದ ಬಟ್ಟಲಿನಲ್ಲಿ ಉಳಿದದ್ದನ್ನು ಸಂಜೆಗೆ ಇಡಬೇಡಿ, ಎಂಜಲು ಸೇರಿರುತ್ತೆ.

ಒಂದು ವರ್ಷದ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಹಸುವಿನ ಹಾಲನ್ನು ಕುಡಿಯೋಕೆ ಅಂತ ಕೊಡೋದೂ ಬೇಡ, ಅದರಲ್ಲಿ ಕಬ್ಬಿಣ ತೀರಾ ಕಡಿಮೆ. ಸ್ವಲ್ಪ ಮೊಸರು, ತುಪ್ಪ ಪರವಾಗಿಲ್ಲ.

ಅಜ್ಜಿಮನೆ:
ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸೋದನ್ನೂ ಬೇಡ ಅಂತೀರಾ ಸಿಸ್ಟರ್? ನಮ್ಮ ಕಾಡಿನ ತುಡುವೆ ಜೇನು, ಕಲಬೆರಕೆ ಇಲ್ಲದ್ದು.

ವಾರ್ಡ್ ಸಿಸ್ಟರ್:
ಬೇಡ ಅಮ್ಮ. ಕಲಬೆರಕೆ ಇಲ್ಲದ ಜೇನಿನಲ್ಲೂ ಕ್ಲಾಸ್ಟ್ರಿಡಿಯಂ ಬೊಟುಲಿನಮ್‌ನ ಬೀಜಕಣ ಇರಬಹುದು. ದೊಡ್ಡವರ ಕರುಳಲ್ಲಿ ಅದರ ಆಟ ನಡೆಯಲ್ಲ. ಒಂದು ವರ್ಷದೊಳಗಿನ ಮಗುವಿನಲ್ಲಿ ಮೊಳೆತು ವಿಷ ಬಿಟ್ಟರೆ ಕೈಕಾಲು ಸೋಲುತ್ತೆ, ಉಸಿರಾಟಕ್ಕೂ ತೊಂದರೆ. ಕಾಯಿಸಿದರೂ ಆ ಬೀಜಕಣ ಸಾಯಲ್ಲ. ಬಜೆಯೂ ಬೇಡ. ತೇಯುವ ಕಲ್ಲು, ನೀರು, ಕೈ ಮೂರರಿಂದಲೂ ಸೋಂಕು ಬರುತ್ತೆ, ಬಜೆಯಲ್ಲಿರುವ ಆಸರೋನ್ ಅನ್ನೋ ಅಂಶ ಕೂಡ ಒಳ್ಳೆಯದಲ್ಲ.

ಅಜ್ಜಿಮನೆ:
ಸರಿ ಮಾರಾಯ್ತಿ. ಜೇನು ನಾನೇ ತಿಂತೀನಿ. ಆದ್ರೆ ಕೂವೆ ಹಿಟ್ಟಿಗೆ ಮಾತ್ರ ಬೇಡ ಅನ್ನಬೇಡ!

ಬಾಳೆಬರೆ ಘಾಟಿ:
ಕೂವೆ ಈಗ ಮಾಡುವವರು ಯಾರಿದ್ದಾರೆ? ಗಡ್ಡೆ ಅಗೆದು, ತೊಳೆದು, ತುರಿದು, ನೀರಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಬೇಕು. ತಳದಲ್ಲಿ ಹಿಟ್ಟು ಕೂತ ಮೇಲೆ ಮೇಲಿನ ಕಂದು ನೀರು ಬಸಿದು ಹೊಸ ನೀರು. ನೀರು ತಿಳಿಯಾಗಿ ಹಿಟ್ಟು ಬೆಳ್ಳಗಾಗುವ ತನಕ ದಿನಗಟ್ಟಲೆ ಇದೇ ಕೆಲಸ. ಬುಟ್ಟಿ ಗಡ್ಡೆಗೆ ಸಿಗೋದು ಒಂದು ಡಬ್ಬಿ. ಪೇಟೆಯಲ್ಲಿ ಕೂವೆ ಅಂತ ಮಾರೋದನ್ನು ನಂಬೋಕಾಗಲ್ಲ, ನನಗೊಮ್ಮೆ ಬೇರೆ ಯಾವುದೋ ಪಿಷ್ಟವನ್ನೇ ಕೂವೆ ಅಂತ ಕೊಟ್ಟಿದ್ದರು.

ವಾರ್ಡ್ ಸಿಸ್ಟರ್:
ಕೂವೆ ಬೇಡ ಅನ್ನಲ್ಲ ಅಮ್ಮ. ಚೆನ್ನಾಗಿ ಒಣಗಿದ್ದರೆ ಮಳೆಗಾಲ ಪೂರ್ತಿ ಕೆಡಲ್ಲ, ಹೊಟ್ಟೆಗೂ ಹಗುರ. ಆದ್ರೆ ಅದು ಬರೀ ಪಿಷ್ಟ. ಪ್ರೋಟೀನು, ಕಬ್ಬಿಣ ಲೆಕ್ಕಕ್ಕೇ ಇಲ್ಲ. ಯಾವಾಗಲೋ ಒಮ್ಮೆ ಕೊಡಿ, ದಿನದ ಊಟ ಅದೇ ಆಗೋದು ಬೇಡ. ಭೇದಿ ಆದಾಗ ಕೂವೆ ಗಂಜಿ ಕೊಟ್ಟು ಸುಮ್ಮನಾಗಬೇಡಿ. ಓಆರ್‌ಎಸ್, ಎದೆಹಾಲು, ಜೊತೆಗೆ ಆರು ತಿಂಗಳ ಮೇಲಿನ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆ 14 ದಿನ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣು ಗುಳಿ ಬಿದ್ದರೆ, ಮಗು ಕುಡಿಯದೇ ಇದ್ದರೆ ಕೂಡಲೇ ಆಸ್ಪತ್ರೆಗೆ.

ಕಬ್ಬಿಣದ ಮಾತು ಬಂತಲ್ಲ. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಕಬ್ಬಿಣ ಆರು ತಿಂಗಳಿಗೆ ಮುಗಿಯುತ್ತಾ ಬರುತ್ತೆ. ಆರು ತಿಂಗಳಿನಿಂದ ಐದು ವರ್ಷದ ತನಕ ಸರ್ಕಾರದ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 1 ಮಿಲಿ. ಅಂಗನವಾಡಿಯಲ್ಲಿ ಹೆಸರು ಬರೆಸಿ, ಅಲ್ಲಿ ಸಿಗುವ ಪುಷ್ಟಿ ಪುಡಿಯನ್ನೂ ತಂದುಕೊಳ್ಳಿ. ತಿನ್ನುವ ಮನೆಯವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಬಹುದು. ತಿನ್ನದವರು ಬೇಳೆ ಗಂಜಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತೆ.

ತುಂಗಾತೀರ:
ಹೀಗೆ ಮಾಡೋಣ ಅಂದುಕೊಂಡಿದ್ದೇವೆ. ಮೊಳಕೆ ರಾಗಿ ಕಾಳಾಗಿಯೇ ಅಟ್ಟಕ್ಕೆ. ಮೂರು ಪಾಲು ಕೆಂಪಕ್ಕಿ, ಒಂದು ಪಾಲು ಹೆಸರುಬೇಳೆ ತೊಳೆದು ಒಣಗಿಸಿ ಹುರಿದು, ತರಿಯಾಗಿ ಒಡೆದು ಸಣ್ಣ ಬಾಟಲಿಗಳಲ್ಲಿ. ಅತ್ತೆ ಆಯಾ ಹೊತ್ತಿಗೆ ಅರ್ಧ ಬಟ್ಟಲು ಬೇಯಿಸಿ ಚೀನಿಕಾಯಿಯನ್ನೋ ಬಾಳೆಹಣ್ಣನ್ನೋ ಕಿವುಚಿ ಹಾಕುತ್ತಾರೆ. ಫ್ರೀಜರ್ ಪಾಪು ಊಟಕ್ಕಿಲ್ಲ. ಎದೆಹಾಲು ತೆಗೆದಿಟ್ಟು ಹೋಗಬಹುದಾ?

ವಾರ್ಡ್ ಸಿಸ್ಟರ್:
ಖಂಡಿತ. ತಂಪು ಕೋಣೆಯಲ್ಲಿ 4 ಗಂಟೆ ತನಕ ಇಡಬಹುದು, ಕರೆಂಟ್ ಇದ್ದರೆ ಫ್ರಿಜ್ಜಿನ ಒಳಭಾಗದಲ್ಲಿ 4 ದಿನ. ಒಲೆ ಮೇಲೆ ಕಾಯಿಸಬೇಡಿ, ಬಿಸಿನೀರಿನಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿ. ಬಾಟಲಿ, ನಿಪ್ಪಲ್ ಬೇಡ, ಸಣ್ಣ ಲೋಟ ಸಾಕು. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಮಳೆಯಲ್ಲಿ ಕೆಂಪಾಗುತ್ತೆ. ಸೋಸಿ, ಕೊತಕೊತ ಕುದಿಸಿಯೇ ಬಳಸಿ. ಬಟ್ಟಲು ತೊಳೆಯೋದಕ್ಕೂ ಅದೇ ನೀರು.

ಭದ್ರಾವತಿ ಅಪ್ಪ:
ಹಣ್ಣು ತರಕಾರಿ ಬೇಯಿಸಿ, ಉಪ್ಪಿನಕಾಯಿ ಥರ ಬಾಟಲಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ? ಫ್ರಿಜ್ಜೇ ಬೇಡವಲ್ಲ.

ನವಿಲೆ ಓದು:
ಖಂಡಿತ ಬೇಡ. ಉಪ್ಪಿನಕಾಯಿ ಕೆಡದೇ ಇರೋದು ಉಪ್ಪು, ಹುಳಿಯಿಂದ. ಚೀನಿಕಾಯಿ, ಕ್ಯಾರೆಟ್ಟಿನಲ್ಲಿ ಹುಳಿ ಇಲ್ಲ. ಗಾಳಿಯಿಲ್ಲದ ಬಾಟಲಿ ಅಂದ್ರೆ ಸಿಸ್ಟರ್ ಹೇಳಿದ ಆ ಬೊಟುಲಿನಮ್‌ಗೆ ಬೇಕಾದ ಜಾಗವೇ.

ತುಂಗಾತೀರ:
ಪುನರ್ವಸು ಮಳೆ ಹಿಡಿದಿದೆ. ಮಂಗಳವಾರದಿಂದ ಕರೆಂಟ್ ಇಲ್ಲ, ನಾಣ್ಯ ಲೋಟದ ತಳ ಸೇರಿದೆ. ರಾಗಿ ಚೆನ್ನಾಗಿದೆ, ಮಗಳು ತುಪ್ಪ ಹಾಕಿದ ಮಣ್ಣಿಯನ್ನು ನೆಕ್ಕಿ ನೆಕ್ಕಿ ತಿಂತಾಳೆ. ಆದ್ರೆ ಮಾಡಿದ ಪುಡಿ ಮುಗೀತು, ಮಿಕ್ಸಿ ತಿರುಗಲ್ಲ, ಗಿರಣಿಯೂ ಬಂದ್. ಕೊಟ್ಟಿಗೆಯಲ್ಲಿ ಅತ್ತೆಯ ಅತ್ತೆ ಕಾಲದ ಬೀಸುವ ಕಲ್ಲು ಬಿದ್ದಿದೆ. ಅದರಲ್ಲಿ ಬೀಸಬಹುದಾ?

ಅಜ್ಜಿಮನೆ:
ಯಾಕಾಗಲ್ಲ? ಕಲ್ಲಿನ ಬಾಯಲ್ಲಿ ಜೇಡನ ಬಲೆ, ಹಳೇ ಹಿಟ್ಟು ಇರುತ್ತೆ. ಗೂಟ ಬಿಚ್ಚಿ ಎರಡು ಕಲ್ಲನ್ನೂ ತೆಂಗಿನ ನಾರಲ್ಲಿ ತಿಕ್ಕಿ ಬಿಸಿನೀರಲ್ಲಿ ತೊಳಿ. ಒಲೆ ಮುಂದೆ ಒಂದು ರಾತ್ರಿ ಇಟ್ಟು ಪೂರ್ತಿ ಒಣಗಿಸು. ಮೊದಲು ಎರಡು ಹಿಡಿ ಅಕ್ಕಿ ಬೀಸು, ಅದರಲ್ಲಿ ಕಲ್ಲಿನ ಪುಡಿ ಬರುತ್ತೆ, ಕೋಳಿಗೆ ಹಾಕು. ಮೂರನೇ ಹಿಡಿ ಬೆರಳಲ್ಲಿ ಉಜ್ಜಿ ನೋಡು, ಕರಕರ ಅನ್ನದಿದ್ದರೆ ರಾಗಿ ಹಾಕು. ಒಂದೊಂದೇ ಹಿಡಿ, ಕೈ ನಿಧಾನ. ನಾಳೆ ತನಕ ಕಾಯೋಕಾಗದಿದ್ದರೆ ಒಂದು ಹಿಡಿ ರಾಗಿ ನೆನೆಹಾಕಿ ಒರಳಲ್ಲಿ ರುಬ್ಬಿ ಹಾಲು ಹಿಂಡು, ಇವತ್ತಿನ ಮಣ್ಣಿ ಅದರಲ್ಲೇ ಆಗುತ್ತೆ.